ಆಟಗಳ ವರ್ಗಾವಣೆ: ಲಿನಕ್ಸ್ ಗಣಕಗಳಲ್ಲಿ ಮುಕ್ತ ಎಂಜಿನ್ನುಗಳ ಚರಿತ್ರೆ

1

ಗ್ರಂಥಗಳು ಉಳಿದುಬಂದ ಬಗೆಯನ್ನು ಕುರಿತು ನಮ್ಮ ವಿದ್ವಾಂಸರು ಬಹಳವಾಗಿ ವಿಚಾರಮಾಡಿದ್ದಾರೆ. ಗಣಕಯಂತ್ರದ ಆಟಗಳು ಉಳಿದುಬಂದ ಬಗೆಯೂ ಅದೇ ರೀತಿಯ ವಿಚಾರಕ್ಕೆ ಅರ್ಹವಾದುದೆಂದು ಹೇಳಿದರೆ ಕೆಲವರಿಗೆ ನಗು ಬರಬಹುದು. ಆಟವೆಂದರೆ ಮಕ್ಕಳ ಕಾಲಕ್ಷೇಪ. ಅದಕ್ಕೆ ಚರಿತ್ರೆಯ ಹಂಗೇಕೆ ಎಂಬ ಆಕ್ಷೇಪ ಸಹಜವೇ. ಆದರೆ ಒಂದು ಕೃತಿಯು ತಾನು ಹುಟ್ಟಿದ ಯಂತ್ರವು ಮೂಲೆಗೆ ಸೇರಿದ ಮೇಲೆಯೂ ಬದುಕಿರಬೇಕಾದರೆ ಏನು ಬೇಕು, ಅದನ್ನು ಬದುಕಿಸುವ ಹಕ್ಕು ಯಾರದು ಎಂಬ ಪ್ರಶ್ನೆಗಳು ಆಟಗಳ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣುವಷ್ಟು ಮತ್ತೆಲ್ಲಿಯೂ ಕಾಣುವುದಿಲ್ಲ. ಗಣಕದಲ್ಲಿ ಕನ್ನಡ ಬರೆಹದ ಮುಂದಿನ ಸ್ಥಿತಿಯೂ ಇದೇ ಪ್ರಶ್ನೆಗಳಿಗೆ ತಗುಲಿಕೊಂಡಿದೆ. ಆದಕಾರಣ ಈ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸಿ, ಅದರಿಂದ ನಮಗೆ ಸಿಗುವ ಪಾಠವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಎರಡು ಪದಗಳ ಅರ್ಥವನ್ನು ನಿಶ್ಚಯಿಸಿಕೊಳ್ಳುವುದು ಅವಶ್ಯಕ. ಮೊದಲನೆಯದು 'ಪೋರ್ಟ್'. 1933ನೆಯ ಇಸವಿ ಅಕ್ಟೋಬರ್ 7ರಂದು 'ಜಲದುರ್ಗ' ಎಂಬ ಹಡಗು ಬಂದು ನಿಂತ ದಿನದಿಂದ ವಿಶಾಖಪಟ್ಟಣದವರಿಗೆ ಪೋರ್ಟ್ ಎಂದರೆ ಬಂದರು. ತಂತ್ರಾಂಶದವರ ಪೋರ್ಟ್ ಬೇರೆ. ಅದು ಹೊತ್ತುಕೊಂಡು ಹೋಗುವುದು ಎಂಬ ಅರ್ಥದ ಲ್ಯಾಟಿನ್ ಧಾತುವಿಗೆ ಸಂಬಂಧಪಟ್ಟುದು: ಒಂದು ಬಗೆಯ ಗಣಕಕ್ಕಾಗಿ ಬರೆದ ತಂತ್ರಾಂಶವನ್ನು ಮತ್ತೊಂದು ಬಗೆಯ ಗಣಕದಲ್ಲಿ ನಡೆಯುವಂತೆ ತಿದ್ದಿ ಅಳವಡಿಸುವ ಕೆಲಸ. ಇದನ್ನು ಇಲ್ಲಿ 'ವರ್ಗಾವಣೆ' ಎಂದು ಕರೆಯಲಾಗಿದೆ. ಬ್ಯಾಂಕು, ರೈಲ್ವೆ, ಉಕ್ಕಿನ ಕಾರ್ಖಾನೆ, ನೌಕಾದಳಗಳ ಕೆಲಸದ ಮೇಲೆ ವಿಶಾಖಪಟ್ಟಣಕ್ಕೂ ವಿಜಯವಾಡಕ್ಕೂ ಬಂದು ನೆಲೆಸಿದ ಕನ್ನಡಿಗರಿಗೆ ಆ ಮಾತಿನ ಸ್ವಾರಸ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನುಷ್ಯನು ಅವನೇ, ನೀರು, ನೆರೆ, ಬೀದಿಯ ಮಾತು ಬೇರೆ.

ಎರಡನೆಯ ಪದ ಆಟದ 'ಎಂಜಿನ್'. ನಮ್ಮ ಅಳಿಗುಳಿಮನೆಯ ದೃಷ್ಟಾಂತದಿಂದ ಇದು ಸುಲಭವಾಗಿ ತಿಳಿಯುತ್ತದೆ. ತುಳುನಾಡಿನಲ್ಲಿ ಚೆನ್ನೆಮಣೆ, ಆಂಧ್ರದಲ್ಲಿ ವಾಮನಗುಂಟಲು ಎನ್ನುವುದೂ ಈ ಆಟದ ಬಳಗವೇ. ಕುಳಿಗಳ ಮಣೆ, ಬೀಜ ಹಂಚುವ ನಿಯಮ, ಗೆಲವಿನ ಲೆಕ್ಕ ಇವು ಒಂದು ಭಾಗ. ಆ ಕುಳಿಗಳಲ್ಲಿ ಹಾಕುವುದು ಹುಣಸೆಯ ಬೀಜವೋ ಕವಡೆಯೋ ಎಂಬುದು ಇನ್ನೊಂದು ಭಾಗ. ಗಣಕದ ಆಟದಲ್ಲಿ ಚಿತ್ರವನ್ನು ಪರದೆಯ ಮೇಲೆ ಮೂಡಿಸುವುದು, ಧ್ವನಿ ಹೊರಡಿಸುವುದು, ಕೀಲಿಯೊತ್ತಿಗೆ ಉತ್ತರ ಕೊಡುವುದು, ಚಲನೆಯ ಲೆಕ್ಕ ಹಾಕುವುದು ಎಂಜಿನ್ನಿನ ಕೆಲಸ. ಚಿತ್ರಗಳು, ಹಾಡುಗಳು, ಕೋಟೆ ಕೊತ್ತಲಗಳ ನಕ್ಷೆಗಳು ಬೀಜದಂತೆ ಬದಲಾಯಿಸಬಹುದಾದ ಸಾಮಗ್ರಿ. ಈ ವಿಭಾಗವೇ ಮುಂದಿನ ಕಥೆಯ ತಿರುಳು.

2

ಆಟದ ವರ್ಗಾವಣೆಯು ಲಿನಕ್ಸ್ ವ್ಯವಸ್ಥೆಗೆ ತಡವಾಗಿ ಬಂದ ಅತಿಥಿಯೆಂದು ಅನೇಕರು ಭಾವಿಸಿದ್ದಾರೆ. ಚರಿತ್ರೆಯು ಇದಕ್ಕೆ ವಿರುದ್ಧವಾಗಿದೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಕೆನ್ ಥಾಂಪ್ಸನ್ ಎಂಬಾತನು ಸೌರಮಂಡಲದಲ್ಲಿ ನೌಕೆಯನ್ನು ನಡೆಸುವ 'ಸ್ಪೇಸ್ ಟ್ರಾವೆಲ್' ಎಂಬ ಆಟವನ್ನು ಬರೆದನು. ದೊಡ್ಡ ಗಣಕದಲ್ಲಿ ಆ ಆಟವನ್ನು ಒಮ್ಮೆ ಆಡಲು ಸುಮಾರು 75 ಡಾಲರಿನಷ್ಟು ಯಂತ್ರಕಾಲ ವೆಚ್ಚವಾಗುತ್ತಿತ್ತೆಂದು ಆತನ ಸಹೋದ್ಯೋಗಿ ಡೆನಿಸ್ ರಿಚಿ ದಾಖಲಿಸಿದ್ದಾನೆ. ಹೀಗಿರಲು ಥಾಂಪ್ಸನ್ನನು ಹೆಚ್ಚು ಬಳಕೆಯಿಲ್ಲದ ಪಿಡಿಪಿ-7 ಎಂಬ ಸಣ್ಣ ಯಂತ್ರವೊಂದನ್ನು ಹುಡುಕಿ, ರಿಚಿಯೊಡನೆ ಕೂಡಿ ಆಟವನ್ನು ಅದಕ್ಕೆ ವರ್ಗಾಯಿಸಿದನು. ಆ ಯಂತ್ರದ ಪರಿಚಯ ಬೆಳೆದು, ಅದರ ಮೇಲೆಯೇ ಒಂದು ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟುವ ಕೆಲಸಕ್ಕೆ ದಾರಿಯಾಯಿತು. ಅದೇ ಯೂನಿಕ್ಸ್.

ಯೂನಿಕ್ಸಿನ ಮಾದರಿಯಲ್ಲಿ, ಆದರೆ ಎಲ್ಲರೂ ಓದಿ ತಿದ್ದಿ ಹಂಚಬಹುದಾದ ವ್ಯವಸ್ಥೆಯೊಂದನ್ನು ಕಟ್ಟುವುದಾಗಿ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಪ್ರಕಟಿಸಿದರು. ಅದರ ಹೆಸರು ಗ್ನೂ. ಆ ಯೋಜನೆಯ ಸಾಮಾನ್ಯ ಪರವಾನಗಿ 1989ರಲ್ಲಿ ರೂಪುಗೊಂಡಿತು. ತಂತ್ರಾಂಶವನ್ನು ಪಡೆದವನಿಗೆ ಅದರ ಮೂಲಸಂಕೇತವನ್ನು ಓದುವ, ತಿದ್ದುವ, ಹಂಚುವ ಹಕ್ಕುಂಟು. ತಿದ್ದಿದ ಪ್ರತಿಯನ್ನು ಹಂಚುವವನು ಪಡೆದವರಿಗೂ ಅದೇ ಹಕ್ಕನ್ನು ಕೊಡತಕ್ಕದ್ದು ಎಂಬುದು ಅದರ ಸಾರಾಂಶ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ಎಂಬ ತಿರುಳನ್ನು ಬರೆದು, ಮರುವರ್ಷ ಇದೇ ಪರವಾನಗಿಯಡಿಯಲ್ಲಿ ಅದನ್ನು ಬಿಡುಗಡೆ ಮಾಡಿದರು. ಒಂದು ಆಟವನ್ನು ಹೊತ್ತು ತಂದ ದಾರಿಯು ಹೀಗೆ ಒಂದು ವ್ಯವಸ್ಥೆಯ ರಾಜಮಾರ್ಗವಾಯಿತು.

3

1993ರ ಡಿಸೆಂಬರ್ 10ರಂದು ಇಡ್ ಸಾಫ್ಟ್‌ವೇರ್ ಎಂಬ ಸಂಸ್ಥೆಯು 'ಡೂಮ್' ಎಂಬ ಆಟವನ್ನು ಹೊರತಂದಿತು. ಆಟದ ವಸ್ತು ರಾಕ್ಷಸಸಂಹಾರ. ಸಾಹಿತ್ಯದೃಷ್ಟಿಯಿಂದ ಅದರಲ್ಲಿ ಹೇಳಿಕೊಳ್ಳತಕ್ಕದ್ದು ಏನೂ ಇಲ್ಲ. ಅದರ ಕಟ್ಟಡವು ಮಾತ್ರ ಗಮನಾರ್ಹ. ಚಿತ್ರ, ಧ್ವನಿ, ನಕ್ಷೆಗಳನ್ನೆಲ್ಲ 'ವಾಡ್' ಎಂಬ ಪ್ರತ್ಯೇಕ ಕಡತದಲ್ಲಿ ಇಟ್ಟು, ಎಂಜಿನ್ನನ್ನು ಅದರಿಂದ ಬೇರೆಮಾಡಿದ್ದರು. ಮರುವರ್ಷವೇ ಸಂಸ್ಥೆಯ ಡೇವ್ ಟೇಲರ್ ಅದನ್ನು ಲಿನಕ್ಸಿಗೆ ವರ್ಗಾಯಿಸಿದರು. ಆಗ ಲಿನಕ್ಸಿನ ಬಳಕೆದಾರರು ಅತ್ಯಲ್ಪ. ವ್ಯಾಪಾರದ ಲಾಭವನ್ನು ಎಣಿಸಿ ಮಾಡಿದ ಕೆಲಸ ಇದಾಗಿರಲಾರದು.

1997ರ ಡಿಸೆಂಬರ್ 23ರಂದು ಸಂಸ್ಥೆಯ ಜಾನ್ ಕಾರ್ಮ್ಯಾಕ್ ಈ ಆಟದ ಮೂಲಸಂಕೇತವನ್ನು ಬಹಿರಂಗಗೊಳಿಸಿದರು. ಡಾಸ್ ಯಂತ್ರಗಳಿಗಾಗಿ ಬರೆದ ಮೊದಲ ರೂಪದಲ್ಲಿ ಪರರ ಸ್ವಾಮ್ಯಕ್ಕೆ ಸೇರಿದ ಧ್ವನಿಯ ತಂತ್ರಾಂಶವೊಂದು ಬೆರೆತಿದ್ದುದರಿಂದ ಅದನ್ನು ಕೊಡಲು ಸಾಧ್ಯವಾಗಲಿಲ್ಲ. ಕೊಟ್ಟದ್ದು ಲಿನಕ್ಸಿಗೆ ವರ್ಗವಾದ ರೂಪವನ್ನು. ಈ ಸಂಗತಿಯ ಮಹತ್ತ್ವವನ್ನು ಎಷ್ಟು ಹೇಳಿದರೂ ಸಾಲದು. ತವರಿನಲ್ಲಿದ್ದ ಪ್ರತಿಯು ಬಂಧನದಲ್ಲಿ ಉಳಿಯಿತು. ಪರಸ್ಥಳಕ್ಕೆ ಹೋದ ಶಾಖೆಯಿಂದ ವಂಶ ಬೆಳೆಯಿತು. 1999ರಲ್ಲಿ ಅದಕ್ಕೆ ಗ್ನೂ ಪರವಾನಗಿಯೂ ದೊರೆಯಿತು. ಇಂದು ಕೈಫೋನಿನಿಂದ ಹಿಡಿದು ಮೇಜಿನ ಗಣಕದವರೆಗೆ ಎಲ್ಲೆಡೆ ಈ ಆಟವನ್ನು ನಡೆಸುವ ಮುಕ್ತ ಎಂಜಿನ್ನುಗಳ ಮೂಲಪುರುಷನು ಆ ಲಿನಕ್ಸ್ ರೂಪವೇ. ಅದೇ ಸಂಸ್ಥೆಯು 'ಕ್ವೇಕ್' ಎಂಬ ಆಟದ ಸಂಕೇತವನ್ನು 1999ರಲ್ಲಿಯೂ, ಅದರ ಎರಡನೆಯ ಹಾಗೂ ಮೂರನೆಯ ಭಾಗಗಳ ಸಂಕೇತವನ್ನು ಕ್ರಮವಾಗಿ 2001 ಮತ್ತು 2005ರಲ್ಲಿಯೂ ಬಿಡುಗಡೆ ಮಾಡಿತು.

ಇದರಲ್ಲಿ ಹಾನಿಯೇ ಇರಲಿಲ್ಲವೆಂದು ಹೇಳಲಾಗದು. ಕ್ವೇಕ್ ಆಟದ ಸಂಕೇತ ಬಯಲಾದೊಡನೆ, ಜಾಲದ ಮೂಲಕ ಆಡುವವರಲ್ಲಿ ಕೆಲವರು ತಮ್ಮ ಪ್ರತಿಯನ್ನು ತಿದ್ದಿಕೊಂಡು ಮೋಸಮಾಡತೊಡಗಿದರು. ಆಟಗಾರನ ಗಣಕವು ಹೇಳಿದ್ದನ್ನೆಲ್ಲ ನಂಬುವ ಲೋಪವು ಮೊದಲಿನಿಂದಲೂ ಅದರಲ್ಲಿತ್ತು. ಸಂಕೇತವು ಬಯಲಾದುದರಿಂದ ಆ ಲೋಪ ಕಣ್ಣಿಗೆ ಬಿದ್ದಿತು. ಆದರೂ ತಾತ್ಕಾಲಿಕವಾಗಿ ಆಟವು ಕೆಟ್ಟದ್ದು ನಿಜ. ಮುಕ್ತತೆಗೆ ತೆರಬೇಕಾದ ಬೆಲೆಯಲ್ಲಿ ಇದೂ ಸೇರಿದೆಯೆಂದು ಒಪ್ಪಬೇಕು.

ಇದೇ ಕಾಲದಲ್ಲಿ ಆಟಗಳ ವರ್ಗಾವಣೆಯನ್ನೇ ಉದ್ಯಮವನ್ನಾಗಿ ಮಾಡಿಕೊಂಡ ಸಂಸ್ಥೆಯೊಂದು ಹುಟ್ಟಿತು. 1998ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿತವಾದ ಲೋಕಿ ಸಾಫ್ಟ್‌ವೇರ್ ಸಂಸ್ಥೆಯು 'ಸಿವಿಲೈಸೇಷನ್: ಕಾಲ್ ಟು ಪವರ್' ಮುಂತಾದ ಹೆಸರಾದ ಆಟಗಳನ್ನು ಲಿನಕ್ಸಿಗೆ ತಂದು ಮಾರಿತು. ಕೊಳ್ಳುವವರು ಸಾಲದೆ 2002ರ ಜನವರಿಯಲ್ಲಿ ಬಾಗಿಲು ಮುಚ್ಚಿತು. ಅದು ತಂದ ಆಟಗಳು ಬಹುಮಟ್ಟಿಗೆ ಮುಚ್ಚಿದ ತಂತ್ರಾಂಶಗಳು. ಅವನ್ನು ತಿದ್ದುವ ಹಕ್ಕು ಕೊಂಡವರಿಗೆ ಇರಲಿಲ್ಲ. ಹೊಸ ಲಿನಕ್ಸಿನಲ್ಲಿ ಅವುಗಳನ್ನು ನಡೆಸುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತ ಬಂದಿತು. ಆದರೆ ಅಲ್ಲಿ ಕೆಲಸಮಾಡಿದ ಸ್ಯಾಮ್ ಲ್ಯಾಂಟಿಂಗಾ 1998ರಲ್ಲಿ ಬರೆದಿದ್ದ 'ಎಸ್‌ಡಿಎಲ್' ಎಂಬ ಮುಕ್ತ ತಂತ್ರಾಂಶವು ಉಳಿಯಿತು. ಚಿತ್ರ, ಧ್ವನಿ, ಕೀಲಿಮಣೆಗಳ ವ್ಯವಹಾರವನ್ನು ಎಲ್ಲ ಗಣಕಗಳಲ್ಲಿಯೂ ಒಂದೇ ರೀತಿಯಲ್ಲಿ ನಡೆಸಿಕೊಡುವ ತೆಳುವಾದ ಪದರ ಅದು. ಲೋಕಿ ಸಂಸ್ಥೆ ಹೋಗಿ ಎರಡು ದಶಕಗಳಾದ ಮೇಲೆಯೂ ಲಿನಕ್ಸಿನ ಆಟಗಳಲ್ಲಿ ಹೆಚ್ಚಿನವು ಆ ಪದರದ ಮೇಲೆಯೇ ನಿಂತಿವೆ. ಮಾರಿದ ಸರಕು ಮುಳುಗಿತು. ಹಂಚಿದ ಉಪಕರಣ ತೇಲಿತು.

4

ಈ ಮಾತನ್ನು ಓದುವಾಗ ವೆಂಗಿಯ ಕಥೆ ನೆನಪಿಗೆ ಬರುವುದು ಸ್ವಾಭಾವಿಕ. ವಿಜಯವಾಡದಿಂದ ಬಹುದೂರವಲ್ಲದ ವೆಂಗಿಯ ಮಂಡಲವು ಕನ್ನಡ ಸಾಹಿತ್ಯಕ್ಕೆ ಪರಸ್ಥಳವಲ್ಲ. ಪಂಪನ ಪೂರ್ವಿಕರು ಅಲ್ಲಿಂದ ಬಂದವರು. ಪೊನ್ನನಿಂದ 'ಶಾಂತಿಪುರಾಣ'ವನ್ನು ಬರೆಯಿಸಿದ ಮಲ್ಲಪ, ಪುನ್ನಮಯ್ಯ ಎಂಬ ಸಹೋದರರೂ ವೆಂಗಿವಿಷಯದ ಕಮ್ಮೆನಾಡಿನ ಮನೆತನಕ್ಕೆ ಸೇರಿದವರು. ಮಲ್ಲಪನ ಮಗಳು ಅತ್ತಿಮಬ್ಬೆ. ಆಕೆ ಆ ಗ್ರಂಥದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ.

ಅತ್ತಿಮಬ್ಬೆಯ ದಾನವನ್ನು ಧರ್ಮಬುದ್ಧಿಯ ನಿದರ್ಶನವಾಗಿ ಎಲ್ಲರೂ ಕೊಂಡಾಡುತ್ತಾರೆ. ಗ್ರಂಥರಕ್ಷಣೆಯ ದೃಷ್ಟಿಯಿಂದ ನೋಡಿದರೆ ಅದರಲ್ಲಿ ಬೇರೊಂದು ಮಹತ್ತ್ವವಿದೆ. ಅದೇ ಪೊನ್ನನು 'ಭುವನೈಕರಾಮಾಭ್ಯುದಯ'ವೆಂಬ ಕಾವ್ಯವನ್ನೂ ಬರೆದನು. ಅದು ನಮಗೆ ಇಡಿಯಾಗಿ ದೊರೆತಿಲ್ಲ. ಒಬ್ಬನೇ ಕವಿಯ ಎರಡು ಕೃತಿಗಳಲ್ಲಿ ಒಂದು ಉಳಿದು ಒಂದು ಅಳಿದುದಕ್ಕೆ ಪ್ರತಿಗಳ ಸಂಖ್ಯೆಯೊಂದೇ ಕಾರಣವೆಂದು ಸಾಧಿಸುವುದು ಕಷ್ಟ. ಆದರೂ ಓಲೆಯ ಗರಿಗೆ ಹುಳು, ನೀರು, ಬೆಂಕಿಗಳ ಭಯವಿದ್ದ ಕಾಲದಲ್ಲಿ ಒಂದು ಪ್ರತಿಗಿಂತ ಸಾವಿರ ಪ್ರತಿ ಸುರಕ್ಷಿತವೆಂಬುದರಲ್ಲಿ ಸಂದೇಹವಿಲ್ಲ. ಲಿಪಿಕಾರನಿಗೆ ಪ್ರತಿಮಾಡಲು ಯಾವ ಅಡ್ಡಿಯೂ ಇರಲಿಲ್ಲ. ಹಳೆಯ ಓಲೆ ಶಿಥಿಲವಾಗುವ ಮುನ್ನ ಹೊಸ ಓಲೆಗೆ, ಓಲೆಯಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿಗೆ ಕಾವ್ಯಗಳು ವರ್ಗವಾಗುತ್ತ ಬಂದುವು.

ಗಣಕದ ಕೃತಿಗೆ ಹುಳುವಿನ ಭಯವಿಲ್ಲ; ಅದಕ್ಕಿರುವ ಭಯಗಳು ಎರಡು. ಅದನ್ನು ಓದುವ ಯಂತ್ರವು ಇಲ್ಲವಾಗಬಹುದು. ಪ್ರತಿಮಾಡುವುದು ಕಾನೂನಿನಂತೆ ನಿಷಿದ್ಧವಾಗಿರಬಹುದು. ಅಮೆರಿಕದ ವೀಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ ಎಂಬ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮುಂಚೆ ಆ ದೇಶದಲ್ಲಿ ಹೊರಬಂದ ಆಟಗಳಲ್ಲಿ ನೂರಕ್ಕೆ 87 ಇಂದು ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲ. ಇನ್ನೂ ಎಳೆಯದಾದ ಕಲೆಯೊಂದರ ಸ್ಥಿತಿ ಇದು.

ಬ್ಯಾಂಕಿನ ವ್ಯವಹಾರದೊಡನೆ ಹೋಲಿಸಿದರೆ ವ್ಯತ್ಯಾಸವು ಸ್ಪಷ್ಟವಾಗುತ್ತದೆ. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕೂ 1923ರಲ್ಲಿ ಮಚಲೀಪಟ್ಟಣದಲ್ಲಿ ಹುಟ್ಟಿದ ಆಂಧ್ರ ಬ್ಯಾಂಕೂ 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದುವು. ಕನ್ನಡಿಗರಿಗೂ ತೆಲುಗರಿಗೂ ಮಮತೆಯ ಎರಡು ಹೆಸರುಗಳು ಹೋದುವು; ಖಾತೆದಾರನ ಶಿಲ್ಕು ಹೋಗಲಿಲ್ಲ. ಲೆಕ್ಕವು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಪೈಸೆ ತಪ್ಪದೆ ವರ್ಗವಾಗಲೇಬೇಕೆಂಬ ನಿರ್ಬಂಧವಿದೆ. ತಂತ್ರಾಂಶವನ್ನು ಕೊಂಡವನಿಗೆ, ಅದನ್ನು ಮಾಡಿದ ಸಂಸ್ಥೆಯು ಮುಚ್ಚಿದರೆ, ಇಂಥ ಆಸರೆಯಿಲ್ಲ. ಮುಕ್ತ ಪರವಾನಗಿಯೊಂದೇ ಆ ಸ್ಥಾನದಲ್ಲಿ ನಿಲ್ಲಬಲ್ಲುದು.

5

ಮೂಲಸಂಕೇತವನ್ನು ಒಡೆಯರು ಕೊಡದೆ ಹೋದ ಸಂದರ್ಭಗಳಲ್ಲಿ ಏನಾಯಿತೆಂಬುದು ಈ ಚರಿತ್ರೆಯ ಅತ್ಯಂತ ಕುತೂಹಲಕರವಾದ ಭಾಗ. ಗ್ರಂಥಸಂಪಾದಕನು ಹಲವು ಪ್ರತಿಗಳ ಪಾಠಗಳನ್ನು ಹೋಲಿಸಿ ಕಳೆದುಹೋದ ಮೂಲವನ್ನು ಊಹಿಸುವಂತೆ, ಆಟದ ನಡೆಯನ್ನೂ ಅದರ ಕಡತಗಳ ರಚನೆಯನ್ನೂ ಪರಿಶೀಲಿಸಿ ಎಂಜಿನ್ನನ್ನು ಹೊಸದಾಗಿ ಬರೆಯುವ ಸಂಪ್ರದಾಯವೊಂದು ಬೆಳೆಯಿತು. 2001ರಲ್ಲಿ ಪ್ರಾರಂಭವಾದ 'ಸ್ಕಮ್‌ವಿಎಂ' ಹಳೆಯ ಕಥಾಪ್ರಧಾನ ಆಟಗಳ ಮೂಲ ಕಡತಗಳನ್ನು ಓದಿ ನಡೆಸುತ್ತದೆ. ಇದರ ಉಪಯೋಗವನ್ನು ಕಂಡ ಬ್ರಿಟನ್ನಿನ ರೆವಲ್ಯೂಷನ್ ಸಂಸ್ಥೆಯು 2003ರಲ್ಲಿ ತನ್ನ 'ಬಿನೀತ್ ಎ ಸ್ಟೀಲ್ ಸ್ಕೈ' ಎಂಬ ಆಟವನ್ನು ಎಲ್ಲರಿಗೂ ಬೆಲೆಯಿಲ್ಲದೆ ಕೊಟ್ಟಿತು.

ಸ್ಕಮ್‌ವಿಎಂ ಪ್ರಾರಂಭಿಸಿದವರಲ್ಲಿ ಒಬ್ಬರಾದ ಲುಡ್ವಿಗ್ ಸ್ಟ್ರಿಗಿಯಸ್ 2004ರಲ್ಲಿ, ರೈಲು, ಹಡಗು, ಲಾರಿಗಳ ಸಾಗಾಣಿಕೆಯನ್ನು ನಡೆಸುವ 'ಟ್ರಾನ್ಸ್‌ಪೋರ್ಟ್ ಟೈಕೂನ್ ಡೀಲಕ್ಸ್' ಎಂಬ ಆಟದ ಯಂತ್ರಭಾಷೆಯನ್ನು ಬಿಡಿಸಿ 'ಓಪನ್‌ಟಿಟಿಡಿ' ಎಂಬ ಮುಕ್ತ ಎಂಜಿನ್ನನ್ನು ರಚಿಸಿದರು. ಆದರೆ ಎಂಜಿನ್ ಮುಕ್ತವಾದರೂ ಚಿತ್ರಗಳೂ ಧ್ವನಿಗಳೂ ಹಳೆಯ ಒಡೆಯರವೇ. ಮಣೆ ನಮ್ಮದು, ಬೀಜ ಪರರದು ಎಂಬ ಸ್ಥಿತಿ. ಸ್ವಯಂಸೇವಕರು ಬೀಜಗಳನ್ನೂ ಹೊಸದಾಗಿ ಮಾಡಿದರು. 2010ರ ಏಪ್ರಿಲ್ 1ರಂದು ಹೊರಬಂದ 1.0ನೆಯ ಆವೃತ್ತಿಯನ್ನು ಹಳೆಯ ಆಟದ ಒಂದು ಕಡತವೂ ಇಲ್ಲದೆ ಆಡಬಹುದಾಯಿತು. ಡೂಮ್ ಎಂಜಿನ್ನಿಗಾಗಿ 'ಫ್ರೀಡೂಮ್' ಎಂಬ ಯೋಜನೆಯು ಇದೇ ಕೆಲಸವನ್ನು ಮಾಡಿದೆ. ಅನೇಕರು ಸಂಬಳವಿಲ್ಲದೆ, ಹಲವು ವರ್ಷ, ಬಿಡುವಿನ ವೇಳೆಯಲ್ಲಿ ದುಡಿದರೆಂಬುದನ್ನು ಮರೆಯಬಾರದು. ಅತ್ತಿಮಬ್ಬೆಗೆ ಸಂಪತ್ತಿತ್ತು, ಲಿಪಿಕಾರರಿಗೆ ಕೊಡಲು ಕೂಲಿಯಿತ್ತು. ಇಲ್ಲಿ ದಾನಿಯೂ ಲಿಪಿಕಾರನೂ ಒಬ್ಬನೇ; ಆತನ ಉತ್ಸಾಹ ಕುಗ್ಗಿದರೆ ಕೆಲಸ ನಿಲ್ಲುತ್ತದೆ. ಇದು ಈ ಸಂಪ್ರದಾಯದ ದೌರ್ಬಲ್ಯ.

6

ಇಷ್ಟರಲ್ಲಿ ಕನ್ನಡಕ್ಕೆ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವು ಅಕ್ಷರದಲ್ಲಿದೆ.

ಯೂನಿಕೋಡ್ ಪದ್ಧತಿಯಲ್ಲಿ ತೆಲುಗಿನ 128 ಸ್ಥಾನಗಳು ಮುಗಿದೊಡನೆಯೇ ಕನ್ನಡದ 128 ಸ್ಥಾನಗಳು ಪ್ರಾರಂಭವಾಗುತ್ತವೆ. ಒಂದೇ ಲಿಪಿಯಿಂದ ಕವಲೊಡೆದ ಇವೆರಡಕ್ಕೂ ಅಲ್ಲಿಯೂ ನೆರೆಹೊರೆ ತಪ್ಪಿಲ್ಲ, ಕಷ್ಟವೂ ಸಮಾನ. ಇಂಗ್ಲಿಷಿನ ಅಕ್ಷರಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟರೆ ಸಾಕು. ನಮ್ಮಲ್ಲಿ ಒತ್ತಕ್ಷರವು ಕೆಳಗೆ ಇಳಿಯಬೇಕು, ಗುಣಿತವು ಕೂಡಿಕೊಳ್ಳಬೇಕು, ಅರ್ಕಾವೊತ್ತು ತನ್ನ ಮುಂದಿನ ಅಕ್ಷರವನ್ನು ದಾಟಿ ಕುಳಿತುಕೊಳ್ಳಬೇಕು. ಈ ಜೋಡಣೆಯನ್ನು ತಿಳಿಯದ ಆಟದ ಎಂಜಿನ್ನು 'ಕರ್ನಾಟಕ' ಎಂದು ಬರೆಯಲಾರದು, ಅದರಲ್ಲಿ ಅರ್ಕಾವೊತ್ತಿದೆ. 'ಆಂಧ್ರ' ಎಂದೂ ಬರೆಯಲಾರದು, ಅದರಲ್ಲಿ ಒತ್ತಿದೆ. ಎರಡು ನಾಡುಗಳ ಹೆಸರನ್ನೇ ಬರೆಯಲಾರದ ಎಂಜಿನ್ನುಗಳು ಬಹುಕಾಲ ಸರ್ವೇಸಾಮಾನ್ಯವಾಗಿದ್ದುವು.

ಈ ಜೋಡಣೆಯ ಕೆಲಸವನ್ನು ಮಾಡುವ ಮುಕ್ತ ತಂತ್ರಾಂಶದ ಹೆಸರು 'ಹಾರ್ಫ್‌ಬಜ್'. ಪಾರಸಿ ಭಾಷೆಯಲ್ಲಿ ತೆರೆದ ಅಕ್ಷರವೆಂಬ ಅರ್ಥ ಬರುವಂತೆ ಇಟ್ಟ ಹೆಸರು. ಇರಾನಿನ ಮೂಲದ ಬೆಹದಾದ್ ಇಸ್ಫಹ್‌ಬೋದ್ ಅದರ ಪ್ರಮುಖ ಕರ್ತೃ. 2022ರಲ್ಲಿ ಎಸ್‌ಡಿಎಲ್‌ನ ಅಕ್ಷರವಿಭಾಗಕ್ಕೆ ಇದನ್ನು ಜೋಡಿಸಲಾಯಿತು. ಅರ್ಜೆಂಟೀನದ ಇಬ್ಬರು ಕಟ್ಟಿ 2014ರಲ್ಲಿ ಮುಕ್ತಗೊಳಿಸಿದ 'ಗೊಡೋ' ಎಂಬ ಎಂಜಿನ್ನಿನಲ್ಲಿಯೂ ಮೂರನೆಯ ಆವೃತ್ತಿಯವರೆಗೆ ನಮ್ಮ ಲಿಪಿಗಳಿಗೆ ಸರಿಯಾದ ವ್ಯವಸ್ಥೆ ಇರಲಿಲ್ಲ; 2023ರ ಮಾರ್ಚ್ 1ರಂದು ಹೊರಬಂದ ನಾಲ್ಕನೆಯ ಆವೃತ್ತಿಯಲ್ಲಿ ಅದು ದೊರೆಯಿತು. ಪಾರಸಿ ಬಲ್ಲವನು ಮಾಡಿದ ಕೆಲಸ, ಸ್ಪ್ಯಾನಿಷ್ ಮಾತಿನವರು ಕಟ್ಟಿದ ಎಂಜಿನ್, ಕನ್ನಡ ತೆಲುಗುಗಳಿಗೆ ಏಕಕಾಲದಲ್ಲಿ ಉಪಕಾರ. ಮುಚ್ಚಿದ ಎಂಜಿನ್ನಿನಲ್ಲಾದರೆ ಕನ್ನಡವನ್ನು ಸೇರಿಸುವುದು ಒಡೆಯನ ಲಾಭನಷ್ಟದ ಎಣಿಕೆಗೆ ಬಿಟ್ಟ ವಿಷಯ. ಆ ಒಡೆತನದ ಅಪಾಯವು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು: 'ಯೂನಿಟಿ' ಎಂಬ ಹೆಸರಾಂತ ಎಂಜಿನ್ನಿನ ಒಡೆಯರು, ಆಟವನ್ನು ಜನರು ಅಳವಡಿಸಿಕೊಂಡಷ್ಟು ಸಲ ಶುಲ್ಕ ವಿಧಿಸುವುದಾಗಿ ಘೋಷಿಸಿದರು. ಅದನ್ನು ಪೂರ್ಣವಾಗಿ ಹಿಂತೆಗೆದುಕೊಳ್ಳಲು ಒಂದು ವರ್ಷ ಹಿಡಿಯಿತು.

ಇದರ ಫಲವನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಕೇರಳದ ಸರಕಾರಿ ಶಾಲೆಗಳ ಗಣಕಗಳು ಗ್ನೂ/ಲಿನಕ್ಸಿನಿಂದ ನಡೆಯುತ್ತವೆ. 2001ರಲ್ಲಿ 'ಐಟಿ ಅಟ್ ಸ್ಕೂಲ್' ಎಂದು ಪ್ರಾರಂಭವಾಗಿ 2017ರಲ್ಲಿ 'ಕೈಟ್' ಎಂಬ ಹೆಸರು ಪಡೆದ ಸಂಸ್ಥೆಯು ಆ ಕೆಲಸವನ್ನು ನೋಡಿಕೊಳ್ಳುತ್ತಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಕದ ಪಠ್ಯಪುಸ್ತಕಗಳು ಕನ್ನಡದಲ್ಲಿ ಬಂದಿವೆ. ಮಕ್ಕಳು ಚಿತ್ರ ಬರೆದು ಆಡುವ 'ಟಕ್ಸ್ ಪೇಂಟ್' ಎಂಬ ಮುಕ್ತ ತಂತ್ರಾಂಶವು 2002ರಲ್ಲಿ ಎಸ್‌ಡಿಎಲ್‌ನ ಆಧಾರದ ಮೇಲೆ ಹುಟ್ಟಿದುದು. ಅದು ಮಾತಾಡುವ ಭಾಷೆಗಳಲ್ಲಿ ಕನ್ನಡವೂ ಒಂದು. ಕ್ಯಾಲಿಫೋರ್ನಿಯದಲ್ಲಿ ನಷ್ಟಹೊಂದಿದ ಆಟದ ಉದ್ಯಮವೊಂದರ ಜೊತೆಯಲ್ಲಿ ಬೆಳೆದ ಉಪಕರಣವು ಕನ್ನಡದ ಮಗುವಿನ ಕೈಗೆ ಕುಂಚವನ್ನು ಕೊಟ್ಟ ಬಗೆ ಇದು. ತೆಲುಗುನಾಡಿನಲ್ಲಿ 'ಸ್ವೇಚ್ಛ' ಸಂಸ್ಥೆಯು ಮುಕ್ತ ತಂತ್ರಾಂಶವನ್ನು ತೆಲುಗಿಗೆ ತರುವ ಕಾರ್ಯವನ್ನು ನಡೆಸುತ್ತ ಬಂದಿದೆ. ಲಿಪಿಯ ಕಷ್ಟ ಸಮಾನವಾಗಿರುವಲ್ಲಿ ಪರಿಹಾರವನ್ನು ಹಂಚಿಕೊಳ್ಳಲು ಆಂಧ್ರದ ಕನ್ನಡಿಗರಿಗಿಂತ ತಕ್ಕ ಮಧ್ಯಸ್ಥರು ಯಾರು?

7

ಮೇಲಿನ ವಿಚಾರದಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ಎಂಜಿನ್ನನ್ನೂ ಸಾಮಗ್ರಿಯನ್ನೂ ಬೇರೆಯಾಗಿ ಇಟ್ಟ ಕೃತಿಯು ಹೊಸ ಯಂತ್ರಕ್ಕೆ ಸುಲಭವಾಗಿ ವರ್ಗವಾಗುತ್ತದೆ. ಪ್ರತಿಮಾಡುವ, ತಿದ್ದುವ ಹಕ್ಕನ್ನು ಕೊಟ್ಟ ಕೃತಿಯು ತನ್ನ ಒಡೆಯನಿಗಿಂತ ಹೆಚ್ಚು ಕಾಲ ಬದುಕುತ್ತದೆ. ಎಂಜಿನ್ ಮಾತ್ರ ಮುಕ್ತವಾಗಿ ಸಾಮಗ್ರಿಯು ಬಂಧನದಲ್ಲಿದ್ದರೆ ಉಳಿವು ಅರ್ಧ ಮಾತ್ರ.

ಈ ಅಂಶಗಳು ಆಟಕ್ಕಷ್ಟೇ ಅನ್ವಯಿಸುವುವಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ 'ನುಡಿ', 'ಬರಹ' ಮೊದಲಾದ ತಂತ್ರಾಂಶಗಳಲ್ಲಿ ಅಚ್ಚುಮೊಳೆಯ ತುಣುಕುಗಳಿಗೆ ಸಂಕೇತ ಕೊಟ್ಟು ಕನ್ನಡವನ್ನು ಬರೆಯುತ್ತಿದ್ದರು. ಅಂಥ ಕಡತವನ್ನು ಆ ಮೊಳೆಯಿಲ್ಲದ ಗಣಕದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳು. ನಾಡಿನ ಹೊರಗಿನ ಸಂಘಗಳ ಸ್ಮರಣಸಂಚಿಕೆಗಳು, ವಾರ್ಷಿಕ ವರದಿಗಳು, ಸದಸ್ಯರು ಬರೆದ ನಾಟಕಗಳು ಎಷ್ಟೋ ಇದೇ ರೂಪದಲ್ಲಿ ಹಳೆಯ ಗಣಕಗಳಲ್ಲಿ ಉಳಿದಿರುತ್ತವೆ. ಅವನ್ನು ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳನ್ನು ಕನ್ನಡದ ಯುವಕರು ಬರೆದು ಮುಕ್ತವಾಗಿ ಕೊಟ್ಟಿದ್ದಾರೆ. ಮಾಡಬೇಕಾದುದು ಕುಳಿತು ವರ್ಗಾಯಿಸಿ, ತಿದ್ದಿ, ಹಲವು ಕಡೆ ಪ್ರತಿ ಇಡುವ ಕೆಲಸ. ಹೊರನಾಡಿನ ಸಂಘವೊಂದರ ಬರೆಹಗಳಿಗೆ ಬೇರೆ ಭಂಡಾರವಿಲ್ಲ. ಅಲ್ಲಿ ಕಳೆದುದು ಮತ್ತೆಲ್ಲಿಯೂ ಸಿಗುವುದಿಲ್ಲ.

ಡೂಮಿನ ವಂಶವು ಉಳಿದದ್ದು ಹೊರಕ್ಕೆ ವರ್ಗವಾದ ಪ್ರತಿಯಿಂದ ಎಂಬುದನ್ನು ಮೇಲೆ ನೋಡಿದೆವು. ಆದರೆ ಹೊರಕ್ಕೆ ಹೋದ ಮಾತ್ರದಿಂದಲೇ ಅದು ಉಳಿಯಲಿಲ್ಲ. ಲೋಕಿ ಸಂಸ್ಥೆಯ ಆಟಗಳೂ ಹೊರಕ್ಕೆ ಹೋದುವೇ. ಉಳಿದದ್ದು ಇತರರು ಓದಿ, ತಿದ್ದಿ, ಪ್ರತಿಮಾಡಲು ಬಿಟ್ಟುಕೊಟ್ಟದ್ದು. ವೆಂಗಿಯ ಮನೆತನದ ಹೆಣ್ಣುಮಗಳು ಓಲೆಗರಿಯ ಕಾಲದಲ್ಲಿ ಮಾಡಿದ ಕೆಲಸದ ಮರ್ಮವೂ ಇದೇ. ಈ ಎರಡು ನಗರಗಳಲ್ಲಿ ಗಣಕದ ಕೆಲಸ ಬಲ್ಲ ಕನ್ನಡದ ತರುಣರು ಸಾಕಷ್ಟಿದ್ದಾರೆ. ಹಳೆಯ ಕಡತಗಳನ್ನು ಇಟ್ಟುಕೊಂಡಿರುವ ಹಿರಿಯರೂ ಇದ್ದಾರೆ. ಇಬ್ಬರನ್ನೂ ಒಂದು ಮೇಜಿನ ಮುಂದೆ ಕೂರಿಸುವುದು ಸಂಘಗಳಿಂದ ಆಗತಕ್ಕ ಕೆಲಸ.